ವಿಮೆ ಕಂಪನಿಗೂ ಒಬ್ಬ ಕಾವಲುಗಾರನಿದ್ದಾನೆ

ಈ ಪುಟವನ್ನು ಒಂದು ನಿಮಿಷ ಬದಿಗಿಟ್ಟು ನಿಮ್ಮ ಮನೆಯ ಕಪಾಟನ್ನೊಮ್ಮೆ ತೆರೆದು ನೋಡಿ. ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿ, ಮನೆ ಕಂದಾಯದ ರಶೀದಿ, ನಿಕಾಹ್‌ನಾಮಾ ಇವುಗಳ ಅಡಿಯಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಲಕೋಟೆ ಇರಬಹುದು. ಅದರೊಳಗೆ ವಿಮೆ ಪಾಲಿಸಿ. ಮನೆಯ ಯಜಮಾನರ ಸಹಿ ಇದೆ, ಕೆಲವೆಡೆ ನಿಮ್ಮದೂ ಇದೆ. ಅದನ್ನು ಕೊನೆಯ ಬಾರಿಗೆ ಓದಿದ್ದು ಯಾವಾಗ? ಬಹುಶಃ ಒಮ್ಮೆಯೂ ಇಲ್ಲ. ನಾಚಿಕೊಳ್ಳಬೇಡಿ, ನಮ್ಮಲ್ಲಿ ಹೆಚ್ಚಿನವರ ಕಥೆಯೂ ಅದೇ.

ನಮ್ಮ ನೆರೆಮನೆಯ ಸಹೋದರಿಯೊಬ್ಬರು ಕೂಡಾ ಓದಿರಲಿಲ್ಲ. 2024ರ ಕೊನೆಯಲ್ಲಿ ಅವರ ಪತಿಗೆ ಎದೆನೋವು ಕಾಣಿಸಿಕೊಂಡಿತು. ಆಸ್ಪತ್ರೆಗೆ ಸೇರಿಸಿದರು, ಸ್ಟೆಂಟ್ ಹಾಕಿದರು. ಆರು ವರ್ಷಗಳಿಂದ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ ಆರೋಗ್ಯ ವಿಮೆ ಇತ್ತು. ಇನ್ನೇನು ಚಿಂತೆ ಎಂದುಕೊಂಡಿದ್ದರು. ಆದರೆ ಬಿಡುಗಡೆಯ ದಿನ ಕಂಪನಿಯಿಂದ ಉತ್ತರ ಬಂತು: ಪಾಲಿಸಿ ಮಾಡಿಸುವಾಗ ರಕ್ತದೊತ್ತಡ ಇದ್ದುದನ್ನು ಮರೆಮಾಚಿದ್ದೀರಿ, ಹಣ ಕೊಡಲಾಗದು. ಅರ್ಜಿಯನ್ನು ತುಂಬಿದ್ದು ಏಜೆಂಟ್. 'ಇಲ್ಲ, ಇಲ್ಲ' ಎಂದು ಸಾಲಾಗಿ ಗೀಚಿದ್ದೂ ಆತನೇ. ಇವರು ಸಹಿ ಮಾತ್ರ ಹಾಕಿದ್ದರು. ಮತ್ತೊಮ್ಮೆ ಪತ್ರ ಬರೆದರೂ ಅದೇ ಒಂದು ಸಾಲಿನ ಉತ್ತರ. ಕೊನೆಗೆ ತಾಯಿ ಕೊಟ್ಟ ನಾಲ್ಕು ಬಳೆಗಳನ್ನು ಮಾರಿ ಆಸ್ಪತ್ರೆಯ ಬಿಲ್ಲು ತೀರಿಸಿದರು.

"ದೊಡ್ಡ ಕಂಪನಿಯವರ ಮುಂದೆ ನಮ್ಮಂಥವರು ಏನು ಮಾಡಲು ಸಾಧ್ಯ?" ಎಂದು ಅವರು ನನ್ನಲ್ಲಿ ಕೇಳಿದ್ದರು. ಈ ಲೇಖನ ಆ ಪ್ರಶ್ನೆಗೆ ಉತ್ತರ. ಸಾಧ್ಯವಿದೆ. ಏಕೆಂದರೆ ಆ ದೊಡ್ಡ ಕಂಪನಿಯ ತಲೆಯ ಮೇಲೂ ಒಂದು ಕಣ್ಣು ಇದೆ. ಅದರ ಹೆಸರು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ. ಚುಟುಕಾಗಿ ಐಆರ್‌ಡಿಎಐ.

ವಿಮೆ ಮಾಡಿಸಬೇಕೇ ಬೇಡವೇ ಎಂಬುದನ್ನು ಪ್ರತಿ ಕುಟುಂಬವೂ ತನ್ನ ವಿವೇಚನೆ, ನಂಬಿಕೆಗೆ ಅನುಗುಣವಾಗಿ ನಿರ್ಧರಿಸುತ್ತದೆ. ಇಲ್ಲಿ ಆ ಚರ್ಚೆಗೆ ಹೋಗುವುದಿಲ್ಲ. ಆದರೆ ಮನೆಯಲ್ಲಿ ಒಂದು ಸ್ಕೂಟರ್ ಇದ್ದರೂ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೂರನೆಯವರ ಹಾನಿಗೆ ವಿಮೆ ಇರಲೇಬೇಕು. ಆದ್ದರಿಂದ ಈ ವಿಷಯ ಯಾರ ಮನೆಯ ಹೊರಗೂ ಇಲ್ಲ.

ಕಾವಲುಗಾರ ಬಂದ ಕಥೆ

ವಿಮೆ ಎಂಬುದು ವಿಚಿತ್ರ ವ್ಯಾಪಾರ. ಅಂಗಡಿಯಲ್ಲಿ ಹಣ ಕೊಟ್ಟರೆ ಸಾಮಾನು ಆಗಲೇ ಕೈಗೆ ಬರುತ್ತದೆ. ಇಲ್ಲಿ ಹಣ ಇಂದು ಕೊಡುತ್ತೀರಿ, ಸಿಗುವುದು ಒಂದು ಮಾತು ಮಾತ್ರ. ಆ ಮಾತು ಇಪ್ಪತ್ತು ವರ್ಷಗಳ ನಂತರವೂ ಉಳಿಯಬೇಕಾದರೆ ಯಾರಾದರೂ ನೋಡಿಕೊಳ್ಳಬೇಕು.

ಇದನ್ನು ನಮ್ಮ ದೇಶ ಕಹಿಯಾಗಿ ಕಲಿಯಿತು. 1938ರಲ್ಲೇ ವಿಮಾ ಕಾಯ್ದೆ ಬಂದಿತ್ತು. ಆದರೂ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಹಲವು ಕಂಪನಿಗಳ ಮಾಲೀಕರು ಜನರ ಹಣವನ್ನು ತಮ್ಮ ಸ್ವಂತ ತಿಜೋರಿಯಂತೆ ಬಳಸಿದರು. 1955ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದು ನಿಂತು, ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಭಾರತ್ ಇನ್ಶೂರೆನ್ಸ್ ಕಂಪನಿಯ ವ್ಯವಹಾರಗಳನ್ನು ಬಯಲಿಗೆಳೆದರು. ದಾಲ್ಮಿಯಾ ಜೈಲು ಕಂಡರು. ಬೇಲಿಯೇ ಎದ್ದು ಹೊಲ ಮೇಯ್ದ ಈ ಪ್ರಕರಣದ ಬಿಸಿಯಲ್ಲೇ 1956ರ ಜನವರಿಯಲ್ಲಿ ಸರಕಾರ ಜೀವ ವಿಮೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಸಣ್ಣ ದೊಡ್ಡ 245 ಸಂಸ್ಥೆಗಳು ಒಂದಾಗಿ ಅದೇ ವರ್ಷದ ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿತು. ವಾಹನ, ಬೆಂಕಿ, ಸಾಗಾಟ ಮೊದಲಾದ ಸಾಮಾನ್ಯ ವಿಮೆಯ ಕಂಪನಿಗಳೂ 1973ರ ಜನವರಿಯಿಂದ ರಾಷ್ಟ್ರೀಕರಣಗೊಂಡು ನಾಲ್ಕು ಸರಕಾರಿ ಕಂಪನಿಗಳಾದವು.

ನಂತರ ಕಾಲ ಬದಲಾಯಿತು. 1993ರಲ್ಲಿ ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ಆರ್. ಎನ್. ಮಲ್ಹೋತ್ರಾ ಅವರ ನೇತೃತ್ವದ ಸಮಿತಿ ನೇಮಕವಾಯಿತು. ಖಾಸಗಿಯವರಿಗೂ ಬಾಗಿಲು ತೆರೆಯಿರಿ, ಆದರೆ ಬಾಗಿಲಲ್ಲಿ ಕಾವಲುಗಾರನನ್ನು ನಿಲ್ಲಿಸಿ ಎಂಬುದು ಮರುವರ್ಷ ಆ ಸಮಿತಿ ಕೊಟ್ಟ ಸಲಹೆಯ ತಿರುಳು. ಹಾಗೆ 1999ರಲ್ಲಿ ಸಂಸತ್ತು ಕಾಯ್ದೆ ಮಾಡಿತು, 2000ದಲ್ಲಿ ಪ್ರಾಧಿಕಾರ ಕೆಲಸ ಆರಂಭಿಸಿತು. ಅದರ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ಖಾಸಗಿ ಕಂಪನಿಗಳಷ್ಟೇ ಅಲ್ಲ, ಎಲ್‌ಐಸಿಯೂ ಅದರ ನಿಯಮಗಳ ಅಡಿಯಲ್ಲೇ ಬರುತ್ತದೆ.

ಅದು ಮಾಡುವ ಕೆಲಸವೇನು?

ಮೊದಲನೆಯದು, ಯಾರು ಒಳಗೆ ಬರಬಹುದು ಎಂದು ನಿರ್ಧರಿಸುವುದು. ಜೀವ ವಿಮೆಯಾಗಲಿ ಆರೋಗ್ಯ ವಿಮೆಯಾಗಲಿ, ಕಂಪನಿ ತೆರೆಯಲು ಕನಿಷ್ಠ 100 ಕೋಟಿ ರೂ. ಬಂಡವಾಳ ತೋರಿಸಬೇಕು. ನೋಂದಣಿ ಇಲ್ಲದೆ ಯಾರೂ ವಿಮೆ ಮಾರುವಂತಿಲ್ಲ. ಬ್ರೋಕರ್, ಹಾನಿಯ ಅಂದಾಜು ಮಾಡುವ ಸರ್ವೇಯರ್, ಆಸ್ಪತ್ರೆ ಮತ್ತು ಕಂಪನಿಯ ನಡುವೆ ಕಾಗದಪತ್ರ ನೋಡುವ ಮಧ್ಯವರ್ತಿ ಸಂಸ್ಥೆ ಇವರೆಲ್ಲರಿಗೂ ಅದರ ಪರವಾನಿಗೆ ಬೇಕು. ಏಜೆಂಟ್ ಪರೀಕ್ಷೆ ಪಾಸು ಮಾಡಿದವನಾಗಿರಬೇಕು.

ಎರಡನೆಯದು, ಕಂಪನಿಯ ತಿಜೋರಿ ನೋಡುವುದು. ಜಾಣ ಗೃಹಿಣಿ ತಿಂಗಳ ಖರ್ಚು ಹತ್ತು ಸಾವಿರ ಎಂದು ಗೊತ್ತಿದ್ದರೂ ಐದು ಸಾವಿರ ಹೆಚ್ಚಿಗೆ ಎತ್ತಿಡುತ್ತಾಳೆ, ನೆಂಟರು ಬಂದಾರು, ಮಗುವಿಗೆ ಜ್ವರ ಬಂದೀತು ಎಂದು. ಪ್ರಾಧಿಕಾರ ಕಂಪನಿಗಳಿಗೆ ಹೇಳುವುದೂ ಅದನ್ನೇ. ನಿಗದಿತ ಲೆಕ್ಕದಂತೆ ಅಗತ್ಯವಿರುವ ಹೆಚ್ಚುವರಿ ಆಸ್ತಿಯ ಒಂದೂವರೆ ಪಟ್ಟು, ಅಂದರೆ ಶೇ. 150ರಷ್ಟು, ಸದಾ ಕೈಯಲ್ಲಿರಬೇಕು. ನಿಮ್ಮ ಕಂತಿನ ಹಣವನ್ನು ಎಲ್ಲಿ ಹೂಡಬಹುದು, ಎಲ್ಲಿ ಕೂಡದು ಎಂಬುದಕ್ಕೂ ಗೆರೆ ಎಳೆದಿದೆ.

ಮೂರನೆಯದು, ತಪ್ಪಿದವರ ಕಿವಿ ಹಿಂಡುವುದು. 2017ರ ಜೂನ್‌ನಲ್ಲಿ ಸಹಾರಾ ಇಂಡಿಯಾ ಲೈಫ್ ಕಂಪನಿಯ ಆಡಳಿತವನ್ನು ನೋಡಿಕೊಳ್ಳಲು ಪ್ರಾಧಿಕಾರ ತನ್ನದೇ ಆಡಳಿತಾಧಿಕಾರಿಯನ್ನು ನೇಮಿಸಿತು. 2023ರ ಜೂನ್‌ನಲ್ಲಿ ಅದರ ಸುಮಾರು 2 ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್‌ಗೆ ವರ್ಗಾಯಿಸಲು ಆದೇಶಿಸಿತು. ಆ ಆದೇಶ ಮೇಲ್ಮನವಿ ನ್ಯಾಯಮಂಡಳಿಯ ಮೆಟ್ಟಿಲೇರಿತು. ಕಾವಲುಗಾರನ ಮಾತಿಗೂ ಮೇಲ್ಮನವಿ ಇದೆ ಎಂಬುದನ್ನು ಇದರಿಂದ ತಿಳಿಯಬಹುದು.

ನಾಲ್ಕನೆಯದು, ಮಾರಾಟದ ಮೋಸಕ್ಕೆ ಕಡಿವಾಣ. ಷೇರು ಮಾರುಕಟ್ಟೆಗೆ ಜೋಡಿಸಿದ ಯೂಲಿಪ್ ಪಾಲಿಸಿಗಳು ಊರೂರಲ್ಲಿ ಮಾರಾಟವಾದ ಕಾಲ ನಿಮಗೆ ನೆನಪಿರಬಹುದು. 'ಮೂರೇ ವರ್ಷ ಕಟ್ಟಿ, ದುಪ್ಪಟ್ಟು' ಎನ್ನುವ ಮಾತು ಆಗ ಎಲ್ಲೆಡೆ ಕೇಳುತ್ತಿತ್ತು. ಮೊದಲ ವರ್ಷಗಳ ಕಂತಿನಲ್ಲಿ ದೊಡ್ಡ ಪಾಲು ಶುಲ್ಕ, ಕಮಿಷನ್‌ಗೆ ಹೋಗುತ್ತಿದ್ದುದು ಕಟ್ಟಿದವರಿಗೆ ತಿಳಿಯುತ್ತಿರಲಿಲ್ಲ. 2010ರ ಸೆಪ್ಟೆಂಬರ್‌ನಿಂದ ಈ ಶುಲ್ಕಗಳಿಗೆ ಮಿತಿ ಬಂತು, ಹಣ ತೆಗೆಯಲಾಗದ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ತಡವಾಯಿತು ಎಂಬ ದೂರು ಆಗ ಇತ್ತು, ಅದು ಸುಳ್ಳೂ ಅಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು ಎಂದು ಹಣ ಕಳಕೊಂಡವರು ನೊಂದುಕೊಂಡರು.

ಈ ಹಕ್ಕುಗಳು ನಿಮ್ಮವು

ಸಹೋದರಿಯರೇ, ಇನ್ನು ಮುಂದಿನ ಭಾಗವನ್ನು ಸ್ವಲ್ಪ ಗಮನವಿಟ್ಟು ಓದಿ. 2024ರಲ್ಲಿ ಪ್ರಾಧಿಕಾರ ಹಳೆಯ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಗ್ರಾಹಕರ ಪರವಾಗಿ ಹಲವು ಬದಲಾವಣೆ ಮಾಡಿತು.

ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ನಿಮ್ಮದು. ಓದಿ ನೋಡಿ, ಏಜೆಂಟ್ ಹೇಳಿದ್ದೂ ಬರೆದದ್ದೂ ಬೇರೆ ಎನಿಸಿದರೆ ಹಿಂತಿರುಗಿಸಿ. ಸಣ್ಣ ಕಡಿತಗಳನ್ನು ಬಿಟ್ಟು ಉಳಿದ ಹಣ ವಾಪಸಾಗುತ್ತದೆ. ಹಿಂದೆ ಸಾಮಾನ್ಯವಾಗಿ 15 ದಿನವಷ್ಟೇ ಇತ್ತು.

ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಕೊಡಬೇಕು. ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಇಲ್ಲ, ಎಷ್ಟು ಸಮಯ ಕಾಯಬೇಕು, ದೂರು ಎಲ್ಲಿ ಎಂಬುದೆಲ್ಲ ಸರಳವಾಗಿ ಅದರಲ್ಲಿರಬೇಕು. ನೀವು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು. 'ಕನ್ನಡದಲ್ಲಿ ಕೊಡಿ' ಎಂದು ಕೇಳಲು ಸಂಕೋಚ ಬೇಡ.

ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ನಾಲ್ಕು ವರ್ಷದಿಂದ ಗರಿಷ್ಠ ಮೂರು ವರ್ಷಕ್ಕೆ ಇಳಿದಿದೆ. 65 ದಾಟಿದವರಿಗೆ ಪಾಲಿಸಿಯೇ ಇಲ್ಲ ಎಂದು ಬಾಗಿಲು ಮುಚ್ಚುವಂತಿಲ್ಲ, ಎಲ್ಲ ವಯಸ್ಸಿನವರಿಗೂ ಪಾಲಿಸಿಗಳಿರಬೇಕು. 60 ದಾಟಿದವರ ಕಂತನ್ನು ಒಂದೇ ವರ್ಷದಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ತನ್ನೊಡನೆ ಮೊದಲು ಸಮಾಲೋಚಿಸಬೇಕು ಎಂದು ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶಿಸಿತು.

ಆಸ್ಪತ್ರೆಯಲ್ಲಿ ನಗದುರಹಿತ ಚಿಕಿತ್ಸೆ ಕೇಳಿದರೆ ಒಂದು ಗಂಟೆಯೊಳಗೆ ಕಂಪನಿ ಉತ್ತರಿಸಬೇಕು. ಬಿಡುಗಡೆಯ ವೇಳೆ ಅಂತಿಮ ಒಪ್ಪಿಗೆಗೆ ಮೂರು ಗಂಟೆ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಅದೂ ಪಾಲಿಸಿದಾರರ ಹಣದಿಂದಲ್ಲ, ಷೇರುದಾರರ ಪಾಲಿನಿಂದ. ಕ್ಲೇಮನ್ನು ಒಬ್ಬ ಗುಮಾಸ್ತ ತಿರಸ್ಕರಿಸುವಂತಿಲ್ಲ. ಕಂಪನಿಯ ಪರಿಶೀಲನಾ ಸಮಿತಿ ಒಪ್ಪಬೇಕು, ಪಾಲಿಸಿಯ ಯಾವ ಷರತ್ತಿನ ಆಧಾರದಲ್ಲಿ ತಿರಸ್ಕರಿಸಲಾಗಿದೆ ಎಂದು ಬರೆದು ತಿಳಿಸಬೇಕು.

ಈಗ ನಮ್ಮ ನೆರೆಮನೆಯ ವಿಷಯಕ್ಕೆ ಬನ್ನಿ. ಆರೋಗ್ಯ ಪಾಲಿಸಿ ಸತತ 60 ತಿಂಗಳು, ಅಂದರೆ ಐದು ವರ್ಷ ನಡೆದ ಮೇಲೆ, 'ಆಗ ಹೇಳಲಿಲ್ಲ' ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ ಮಾತು. ಅವರ ಪಾಲಿಸಿಗೆ ಆರು ವರ್ಷವಾಗಿತ್ತು! ಉತ್ತರ ಅವರ ಕಪಾಟಿನಲ್ಲೇ ಇತ್ತು, ಓದುವವರಿರಲಿಲ್ಲ.

ಜೀವ ವಿಮೆಯಲ್ಲೂ ಇಂಥದೇ ರಕ್ಷಣೆ ಇದೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ದಾಟಿದ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದರೆ 45 ದಿನದಲ್ಲಿ ಇತ್ಯರ್ಥ ಮಾಡಬೇಕು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಒಂದು ವರ್ಷದ ಕಂತು ಪೂರ್ತಿ ಕಟ್ಟಿ ಮುಂದೆ ಕಟ್ಟಲಾಗದೆ ಬಿಟ್ಟವರಿಗೂ ಒಂದಿಷ್ಟು ಹಣ ಮರಳಿ ಸಿಗುವಂತೆ 2024ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ.

ಆದರೆ ಹಕ್ಕಿನ ಜೊತೆ ಹೊಣೆಯೂ ಇದೆ. ಅರ್ಜಿಯನ್ನು ನೀವೇ ತುಂಬಿರಿ, ಇಲ್ಲವೇ ಓದಿಸಿ ಕೇಳಿ ಸಹಿ ಹಾಕಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಹಿಂದಿನ ಆಪರೇಷನ್ ಏನಿದ್ದರೂ ಬರೆಯಿರಿ. 'ಬರೆದರೆ ಕಂತು ಹೆಚ್ಚಾಗುತ್ತದೆ, ಬೇಡ' ಎನ್ನುವ ಏಜೆಂಟ್ ನಿಮ್ಮ ಹಿತೈಷಿಯಲ್ಲ. ಸತ್ಯ ಬರೆದವರಿಗೆ ಐದು ವರ್ಷ ಹೆದರಿ ಕಾಯಬೇಕಾಗಿಲ್ಲ.

ದೂರು ಕೊಡುವ ದಾರಿ

ಒಂದು ವಿಷಯ ಸ್ಪಷ್ಟವಾಗಿರಲಿ. ಪ್ರಾಧಿಕಾರ ನ್ಯಾಯಾಲಯವಲ್ಲ. ನಿಮ್ಮ ಕ್ಲೇಮಿನಲ್ಲಿ ಯಾರದು ಸರಿ ಎಂದು ಅದು ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೆ ಮುಟ್ಟಿಸಿ, ಗಡುವಿನೊಳಗೆ ಉತ್ತರ ಕೊಟ್ಟಿತೇ ಎಂದು ನೋಡುತ್ತದೆ. ತೀರ್ಪು ಕೊಡುವವರು ಬೇರೆ. ಆದ್ದರಿಂದ ಮೆಟ್ಟಿಲುಗಳನ್ನು ಒಂದೊಂದಾಗಿ ಏರಬೇಕು.

ಮೊದಲ ಮೆಟ್ಟಿಲು ಕಂಪನಿಯ ಕುಂದುಕೊರತೆ ಅಧಿಕಾರಿ. ಬಾಯಿ ಮಾತು ಬೇಡ, ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. 14 ದಿನದೊಳಗೆ ಅವರು ಇತ್ಯರ್ಥ ಮಾಡಬೇಕು.

ಎರಡನೆಯದು ಪ್ರಾಧಿಕಾರದ 'ಬಿಮಾ ಭರೋಸಾ' ವ್ಯವಸ್ಥೆ. 155255 ಅಥವಾ 1800 4254 732 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಮೇಲಿನವರು ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಎಷ್ಟೋ ಕಡತಗಳು ತಾವಾಗಿಯೇ ಚಲಿಸುತ್ತವೆ.

ಮೂರನೆಯದು ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಅವರ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. ಕಂಪನಿಗೆ ಬರೆದು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿ ತರದಿದ್ದರೆ ಇಲ್ಲಿಗೆ ಹೋಗಬಹುದು. ಆದರೆ ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷ ರೂ.ವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಎಲ್ಲ ದಾಖಲೆ ಕೊಟ್ಟ ಮೂರು ತಿಂಗಳಲ್ಲಿ ತೀರ್ಪು ಬರಬೇಕು, 30 ದಿನದಲ್ಲಿ ಕಂಪನಿ ಪಾಲಿಸಬೇಕು. ತಪ್ಪಿದರೆ ದಿನಕ್ಕೆ 5,000 ರೂ.ನಂತೆ ದೂರುದಾರರಿಗೆ ಕೊಡಬೇಕಾಗುತ್ತದೆ.

ನಾಲ್ಕನೆಯದು ಜಿಲ್ಲಾ ಗ್ರಾಹಕ ಆಯೋಗ. ಇದಕ್ಕೆ ಎರಡು ವರ್ಷದ ಕಾಲಾವಕಾಶವಿದೆ. ಆದರೆ ಅಲ್ಲಿ ಮೊಕದ್ದಮೆ ಇರುವಾಗ ಅದೇ ವಿಷಯಕ್ಕೆ ಒಂಬುಡ್ಸ್‌ಮನ್ ಬಳಿ ಹೋಗುವಂತಿಲ್ಲ. ದಾರಿಯನ್ನು ಮೊದಲೇ ಯೋಚಿಸಿ ಆರಿಸಿಕೊಳ್ಳಿ.

ಕಡಲಾಚೆ ದುಡಿಯುವವರ ಮನೆಗಳಿಗೆ

ಕರಾವಳಿಯ ಎಷ್ಟೋ ಮನೆಗಳಲ್ಲಿ ದುಡಿಯುವವರು ಗಲ್ಫ್‌ನಲ್ಲಿ, ಕಾಗದಪತ್ರ ಕಾಯುವವರು ಇಲ್ಲಿ. ಹತ್ತನೇ ತರಗತಿ ಪಾಸಾಗದೆ, ವಲಸೆ ಅನುಮತಿ ಪಡೆದು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ 'ಪ್ರವಾಸಿ ಭಾರತೀಯ ಬಿಮಾ ಯೋಜನೆ' ಕಡ್ಡಾಯ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂ. ಪರಿಹಾರ ಅದರಲ್ಲಿದೆ. ಹೊರಡುವ ಗಡಿಬಿಡಿಯಲ್ಲಿ ಟ್ರಾವೆಲ್ ಏಜೆಂಟ್ ಮಾಡಿಸಿಕೊಟ್ಟ ಈ ಪಾಲಿಸಿ ಅವರ ಸೂಟ್‌ಕೇಸಿನಲ್ಲಿ ಹೋಗಿಬಿಡುತ್ತದೆ, ನಾಮಿನಿಯಾದ ಹೆಂಡತಿಗೆ ಅದರ ಹೆಸರೂ ತಿಳಿದಿರುವುದಿಲ್ಲ. ಒಂದು ಪ್ರತಿ ಮನೆಯಲ್ಲಿರಲಿ. ಎರಡು ಅಥವಾ ಮೂರು ವರ್ಷದಲ್ಲಿ ಅವಧಿ ಮುಗಿಯುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಹಳೆಯ ಕಾನೂನು ನಮ್ಮ ಮಹಿಳೆಯರು ತಿಳಿದಿರಬೇಕಾದದ್ದು. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಮಿನ ಅಡಿಯಲ್ಲಿ, ಪತಿ ತನ್ನ ಜೀವ ವಿಮೆಯನ್ನು ಹೆಂಡತಿ ಮಕ್ಕಳಿಗಾಗಿಯೇ ಎಂದು ಬರೆದು ಮಾಡಿಸಿದರೆ ಸಾಲಗಾರರು ಆ ಹಣಕ್ಕೆ ಕೈಹಾಕುವಂತಿಲ್ಲ. ಈ ಕಲಮು ಮುಸ್ಲಿಮ್ ಕುಟುಂಬಗಳಿಗೂ ಅನ್ವಯಿಸುತ್ತದೆ. ಪಾಲಿಸಿ ಮಾಡಿಸುವಾಗಲೇ ಇದನ್ನು ಕೇಳಬೇಕು, ನಂತರ ಸೇರಿಸಲಾಗದು.

ಕಾವಲುಗಾರನ ಹೆಸರಲ್ಲೇ ಕಳ್ಳತನ

"ಹೈದರಾಬಾದಿನ ವಿಮಾ ಪ್ರಾಧಿಕಾರದಿಂದ ಮಾತನಾಡುತ್ತಿದ್ದೇವೆ. ನಿಮ್ಮ ಹಳೆಯ ಪಾಲಿಸಿಗೆ ಬೋನಸ್ ಬಂದಿದೆ. ಬಿಡಿಸಿಕೊಳ್ಳಲು ಇಷ್ಟು ಹಣ ಕಟ್ಟಿ." ಇಂಥ ಕರೆ ಬಂದರೆ ಫೋನ್ ಇಟ್ಟುಬಿಡಿ. ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ, ಯಾರ ಹಣವನ್ನೂ ಕೇಳುವುದಿಲ್ಲ. ಇದನ್ನು ಅದು ಮತ್ತೆ ಮತ್ತೆ ಸಾರಿದೆ. ಹಗಲು ಹೊತ್ತು ಒಂಟಿಯಾಗಿ ಫೋನ್ ಎತ್ತುವ ಮನೆಯ ಹಿರಿಯರಿಗೆ ಇದನ್ನು ಇಂದೇ ಹೇಳಿ.

ಎಲ್ಲವೂ ಈ ಕಾವಲಿನೊಳಗಿಲ್ಲ ಎಂಬುದನ್ನೂ ತಿಳಿದಿರಿ. ಅಂಚೆ ಕಚೇರಿಯ ಜೀವ ವಿಮೆಯನ್ನು ಅಂಚೆ ಇಲಾಖೆಯೇ ನೋಡಿಕೊಳ್ಳುತ್ತದೆ. ಆಯುಷ್ಮಾನ್ ಕಾರ್ಡಿನ ಚಿಕಿತ್ಸೆ ನಮ್ಮ ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನಡೆಯುತ್ತದೆ. ಅವುಗಳ ದೂರನ್ನು ಆಯಾ ಇಲಾಖೆಗೇ ಕೊಡಬೇಕು.

ಕೊನೆಯದಾಗಿ

ನೆರೆಮನೆಯ ಸಹೋದರಿಗೆ ಒಂಬುಡ್ಸ್‌ಮನ್ ಬಗ್ಗೆ ತಿಳಿದದ್ದು ಮಗಳ ಕಾಲೇಜಿನ ಉಪನ್ಯಾಸಕಿಯೊಬ್ಬರಿಂದ. ಅಷ್ಟರಲ್ಲಿ ಹನ್ನೊಂದು ತಿಂಗಳು ಕಳೆದಿತ್ತು. ಮಗಳೇ ಕುಳಿತು ಅರ್ಜಿ ಬರೆದಳು. ಆರು ವರ್ಷದ ರಶೀದಿಗಳನ್ನು ಜೋಡಿಸಿದಳು. ವಿಚಾರಣೆ ನಡೆಯಿತು. ಕಂಪನಿ ಹಣ ಕೊಡಬೇಕೆಂದು ತೀರ್ಪಾಯಿತು, ಕೊಟ್ಟರು ಕೂಡಾ.

ಆ ಹಣ ಹಿಡಿದು ಅವರು ಚಿನ್ನದಂಗಡಿಗೆ ಹೋದರು. ಅಷ್ಟರಲ್ಲಿ ಚಿನ್ನದ ದರ ಎಲ್ಲಿಗೋ ಏರಿತ್ತು. ನಾಲ್ಕು ಬಳೆಗಳ ಜಾಗದಲ್ಲಿ ಎರಡು ಬಂದವು. "ತಾಯಿಯ ಬಳೆಗಳಂತೂ ಅಲ್ಲ. ಆದರೂ ಈ ಎರಡನ್ನು ನಾನು ಕೇಳಿ ಪಡೆದೆ" ಎಂದು ಅವರು ಕೈ ಮುಂದೆ ಚಾಚಿ ತೋರಿಸಿದರು.

ಕಾವಲುಗಾರ ಇದ್ದಾನೆ, ನಿಜ. ಆದರೆ ನಾವು ಕೂಗಿ ಕರೆಯದಿದ್ದರೆ ಅವನಿಗೆ ನಮ್ಮ ಮನೆ ಎಲ್ಲಿದೆ ಎಂದು ಗೊತ್ತಾಗುವುದು ಹೇಗೆ? ಇವತ್ತೇ ಆ ಲಕೋಟೆಯನ್ನು ಹೊರಗೆ ತೆಗೆಯಿರಿ. ಒಂದು ನೋಟ್ ಪುಸ್ತಕದಲ್ಲಿ ಪಾಲಿಸಿ ಸಂಖ್ಯೆ, ಕಂಪನಿಯ ಹೆಸರು, ಕಂತು ಕಟ್ಟುವ ದಿನ, ನಾಮಿನಿಯ ಹೆಸರು ಮತ್ತು ದೂರಿನ ಸಂಖ್ಯೆ ಈ ಐದನ್ನು ಬರೆದಿಡಿ. ಮನೆಯ ಇನ್ನೊಬ್ಬರಿಗೂ ಅದು ಎಲ್ಲಿದೆ ಎಂದು ತಿಳಿಸಿ. ಅರ್ಧ ಗಂಟೆಯ ಕೆಲಸ. ಕಷ್ಟದ ದಿನ ಹೇಳಿ ಕೇಳಿ ಬರುವುದಿಲ್ಲ. ಬಂದಾಗ ಆ ಪುಸ್ತಕ ನಿಮ್ಮ ಕೈಗೆ ಸಿಗುವಂತಿರಲಿ.